ಮೂರು ಕಂಪ್ಯೂಟರಿನ ಮನೆ

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಮಗನ ದನಿ ಕಳುವಾಗಿದೆ. ಬರ್ಕೊಳ್ಳಿ."

ರೈಟರ್ ಪೆನ್ನು ಕೈಲಿ ಹಿಡಿದು ಇನ್ಸ್‌ಪೆಕ್ಟರ್ ಮುಖ ನೋಡಿದ.

ಮಗ ತೀರಿಕೊಂಡು ಎರಡು ವರ್ಷವಾಗಿತ್ತು. ಆಡಿಯೊ ಪುಸ್ತಕಗಳಿಗೆ ದನಿ ಕೊಡುತ್ತಿದ್ದ ಹುಡುಗ, ತನ್ನ ಕೋಣೆಯಲ್ಲೇ ಕೂತು ಓದಿ ರೆಕಾರ್ಡ್ ಮಾಡುತ್ತಿದ್ದ. ತಿದ್ದಿದ ಪುಸ್ತಕಗಳು ಕಂಪನಿಯ ಬಳಿ ಇದ್ದವು. ತಾಯಿಗೆ ಬೇಕಾದದ್ದು ಅವಲ್ಲ, ತಿದ್ದದ ಕಚ್ಚಾ ರೆಕಾರ್ಡಿಂಗುಗಳು. ಅವುಗಳಲ್ಲಿ ಅವನು ಕೆಮ್ಮುತ್ತಾನೆ, ತಪ್ಪು ಓದಿ ನಗುತ್ತಾನೆ, ನಡುವೆ ಅಡುಗೆಮನೆಯ ಕಡೆಗೆ "ಅಮ್ಮಾ, ನಲ್ಲಿ ನಿಲ್ಸು" ಎಂದು ಕೂಗುತ್ತಾನೆ. ಮಂಗಳವಾರ ಸಂಜೆ ನೋಡಿದರೆ ಫೋಲ್ಡರ್ ಖಾಲಿ. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

"ಇದಕ್ಕೂ ಎಫ್‌ಐಆರಾ?" ಎಂದು ರೈಟರ್ ಗೊಣಗಿದ. ಇನ್ಸ್‌ಪೆಕ್ಟರ್ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡು ಬರೆದ: ಕಂಪ್ಯೂಟರ್ ದತ್ತಾಂಶ ನಾಶ, ಆರೋಪಿ ಅಪರಿಚಿತ.

ಮಧ್ಯಾಹ್ನ ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆಸಿ ಮನೆಯಲ್ಲಿ ಪಂಚನಾಮೆ ಆಯಿತು. ಮಗನ ಕೋಣೆಯಲ್ಲಿ ಅವನ ಲಿನಕ್ಸ್ ಕಂಪ್ಯೂಟರ್. ರೆಕಾರ್ಡಿಂಗುಗಳಿದ್ದದ್ದು ಅದರಲ್ಲೇ. ಅಡುಗೆಮನೆಯ ಮೂಲೆಯಲ್ಲಿ ತಾಯಿಯ ವಿಂಡೋಸ್. ಮುಂದಿನ ಕೋಣೆಯಲ್ಲಿ ತಂದೆಯ ಮ್ಯಾಕ್. ಆತ ಮದುವೆ ಆಲ್ಬಂ ವಿನ್ಯಾಸ ಮಾಡುವವರು. ಮಗ ಹೋದ ಮೇಲೆ, ತಾಯಿ ಅಡುಗೆಮನೆಯಲ್ಲೇ ಕೇಳಲೆಂದು, ರಿಪೇರಿಯವನೊಬ್ಬ ಮೂರನ್ನೂ ಒಂದೇ ನೆಟ್‌ವರ್ಕಿಗೆ ಸೇರಿಸಿದ್ದ. ಅವನನ್ನೂ ಕರೆಸಿದರು.

"ಯಾರು ಬೇಕಾದ್ರೂ ಅಳಿಸಬಹುದಿತ್ತಾ?"

"ಮೂರೂ ಬೇರೆ ಬೇರೆ ಸಿಸ್ಟಂ ಸಾರ್. ಮಾತು ಬಿಟ್ಟ ಅತ್ತೆ ಸೊಸೆ ಥರ, ಒಂದರ ಮುಖ ಒಂದು ನೋಡ್ತಿರ್ಲಿಲ್ಲ. ಕೊನೆಗೆ ಪಾಸ್‌ವರ್ಡ್ ತೆಗೆದು ಎಲ್ರಿಗೂ ಎಲ್ಲಾ ಅನುಮತಿ ಕೊಟ್ಟುಬಿಟ್ಟೆ. ಎಲ್ಲಾ ಮನೇಲೂ ನಾನು ಹಾಗೇ ಮಾಡೋದು."

"ಇನ್ನೇನು ಹೇಳಿಕೊಟ್ಟೆ?"

"ಪರದೆ ಏನೇ ಕೇಳಿದ್ರೂ ಸರಿ ಅಂತ ಒತ್ತಿ ಅಂದೆ. ಇಲ್ದಿದ್ರೆ ದಿನಾ ಫೋನ್ ಮಾಡಿ ತಲೆ ತಿಂತಾರೆ ಸಾರ್."

ಹೊರಗಿನ ಯಾವ ಕಂಪ್ಯೂಟರೂ ಆ ನೆಟ್‌ವರ್ಕಿಗೆ ಬಂದಿರಲಿಲ್ಲ. ಮಾಡಿದವರು ಮನೆಯೊಳಗಿನವರೇ. ಇನ್ಸ್‌ಪೆಕ್ಟರ್ ತಂದೆಯ ಎದುರು ಕೂತರು.

"ಆ ಫೋಲ್ಡರ್ ತೆಗೆದಿದ್ರಾ?"

"ಇಲ್ಲ. ಅವನ ದನಿ ಕೇಳೋ ಶಕ್ತಿ ನನಗಿಲ್ಲ. ಒಂದ್ಸಲಾನೂ ತೆಗೆದಿಲ್ಲ."

ಠಾಣೆಯ ಪ್ರಿಂಟರ್ ಕೆಟ್ಟಾಗಲೆಲ್ಲ ಕರೆಸಿಕೊಳ್ಳುವ ಕಾನ್‌ಸ್ಟೆಬಲ್ ಒಬ್ಬನಿದ್ದ, ಎಲ್ಲರೂ ಅವನನ್ನು ವೈರು ಅನ್ನುತ್ತಿದ್ದರು. ಅವನು ಮಗನ ಕೋಣೆಯಿಂದ ಬಂದ.

"ಸಾರ್, ಮ್ಯಾಕ್ ಬೇರೆ ಕಂಪ್ಯೂಟರಿನ ಫೋಲ್ಡರ್ ತೆರೆದ್ರೆ ಅಲ್ಲಿ ತನ್ನದೊಂದು ಗುಪ್ತ ಫೈಲು ಬಿಟ್ಟು ಬರುತ್ತೆ. ಖಾಲಿ ಫೋಲ್ಡರಲ್ಲಿ ಅದೊಂದೇ ಇದೆ. ಮಂಗಳವಾರ ಮಧ್ಯಾಹ್ನದ್ದು."

ಆ ಹೊತ್ತಿಗೆ ಹೆಂಡತಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ತಂದೆ ತಲೆ ತಗ್ಗಿಸಿದರು. ಆಮೇಲೆ, ಆಶ್ಚರ್ಯವೆಂದರೆ, ಹಗುರಾದವರಂತೆ ಎದ್ದರು.

"ನಾಶ ಮಾಡಿಲ್ಲ ಸಾರ್. ಕಸದ ಬುಟ್ಟೀಲಿದೆ. ಸ್ವಲ್ಪ ದಿನ ಇವಳ ಕಣ್ಣಿಂದ ಮರೆಯಾಗಿರ್ಲಿ, ಆಮೇಲೆ ವಾಪಸ್ ಹಾಕೋಣ ಅಂತಿದ್ದೆ. ಈಗ್ಲೇ ತೆಗೀತೀನಿ, ನೋಡಿ."

ಮ್ಯಾಕಿನ ಕಸದ ಬುಟ್ಟಿ ತೆರೆದರು. ಅದರ ತುಂಬ ಕಣ್ಣು ಮುಚ್ಚಿದ ಮದುಮಕ್ಕಳ ಫೋಟೊಗಳು. ಕೊನೆಯವರೆಗೆ ಹೋದರು, ಮತ್ತೆ ಮೇಲಿನಿಂದ ಹುಡುಕಿದರು. ಹೆಂಡತಿ ಬಾಗಿಲಲ್ಲಿ ನಿಂತು ಪರದೆಯನ್ನೇ ನೋಡುತ್ತಿದ್ದರು.

ವೈರು ಮೆಲ್ಲಗೆ ಹೇಳಿದ: "ನೆಟ್‌ವರ್ಕ್ ಮೇಲೆ ಅಳಿಸಿದ್ದು ಬುಟ್ಟಿಗೆ ಬರಲ್ಲ ಸಾರ್. ನೇರ ಹೋಗಿಬಿಡುತ್ತೆ. ಅದಕ್ಕೆ ಮುಂಚೆ ಒಂದ್ಸಲ ಕೇಳುತ್ತೆ."

"ಏನೋ ಕೇಳ್ತು," ಎಂದರು ತಂದೆ. "ಸರಿ ಅಂತ ಒತ್ತಿದೆ."

ಮಗನ ಕಂಪ್ಯೂಟರಿನ ಡಿಸ್ಕನ್ನು ಪ್ರಯೋಗಾಲಯಕ್ಕೆ ಕಳಿಸಿದರು. ವಾರ ಬಿಟ್ಟು ವರದಿ ಬಂತು. ಮ್ಯಾಕ್ ಪ್ರತಿ ರಾತ್ರಿ ಆಲ್ಬಂಗಳ ಪ್ರತಿಯನ್ನು ತಾನಾಗಿ ಅದೇ ಡಿಸ್ಕಿಗೆ ಕಳಿಸುತ್ತಿತ್ತು. ಮೊದಲೇ ತುಂಬಿ ತುಳುಕುತ್ತಿದ್ದ ಡಿಸ್ಕು, ತೆರವಾದ ಜಾಗವನ್ನು ಮಂಗಳವಾರ ರಾತ್ರಿಯೇ ಬಳಸಿಕೊಂಡಿತ್ತು. ಹುಡುಗನ ದನಿಯಿದ್ದ ಕಡೆ ಈಗ ಯಾರದೋ ಮದುವೆ ಇತ್ತು. ಮರಳಿ ಪಡೆಯಲು ಏನೂ ಉಳಿದಿಲ್ಲ ಎಂದು ವರದಿ ಹೇಳಿತು.

ಬಂಧಿಸಲು ಹೋದ ದಿನ ಇನ್ಸ್‌ಪೆಕ್ಟರ್ ದೂರುದಾರರನ್ನು ಕೊನೆಯ ಸಲ ಕೇಳಿದರು.

"ದೂರು ವಾಪಸ್ ತಗೋತೀರಾಮ್ಮಾ?"

"ಇಲ್ಲ."

ಗಂಡ ಎದ್ದರು. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿಕೆ ಕೊಟ್ಟರು, ವೈರು ಬರೆದುಕೊಂಡ.

"ರೆಕಾರ್ಡಿಂಗ್ ಹಾಕೋ ಮುಂಚೆ ಇವಳು ನಲ್ಲಿ ಬಿಡೋಳು ಸಾರ್. ಅವನು ನಿಲ್ಸು ಅಂದಾಗ ಎದ್ದುಹೋಗಿ ನಿಲ್ಲಿಸೋಳು. ಬಂದೆ ಕಣೋ, ಅನ್ನೋಳು. ಎರಡು ವರ್ಷ, ದಿನಾ. ಗೋಡೆ ಈಚೆ ಕೂತು ಕೇಳಿಸ್ಕೊಂಡೆ. ಇವಳಾದ್ರೂ ಉಳೀಲಿ ಅಂತ ಮಾಡಿದೆ."

ಅವರನ್ನು ಜೀಪಿಗೆ ಕರೆದೊಯ್ದರು. ಸಹಿ ಪಡೆಯಲು ಇನ್ಸ್‌ಪೆಕ್ಟರ್ ಒಳಗೆ ಹೋದಾಗ ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಿತ್ತು, ಆಕೆ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ನಿಲ್ಲಿಸಲೆಂದು ಇನ್ಸ್‌ಪೆಕ್ಟರ್ ಕೈ ಚಾಚಿದರು.

"ಬಿಡಿ ಸಾರ್," ಎಂದರು ಆಕೆ. "ಅವನಿನ್ನೂ ಹೇಳಿಲ್ಲ."

ಇನ್ಸ್‌ಪೆಕ್ಟರ್ ಕೈ ಹಿಂದೆ ತೆಗೆದುಕೊಂಡರು. ಸಹಿ ಕೇಳದೆ ಹೊರಗೆ ಬಂದರು.