ಹುಳು ಹಿಡಿದ ಕಲಾಕೇಂದ್ರ

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟ ಮಾರ್ಗರೆಟಳ ಮುಖಕ್ಕೆ ನಾತ ಬಡಿಯಿತು... ಕೊಳೆತ ಹಿಟ್ಟು, ಇಲಿ ಉಚ್ಚೆ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮುಂದೆ ನಡೆದಳು.

ಕೋಣೆ ತುಂಬ ಗೋಣಿಚೀಲಗಳು. ಬರಗಾಲದ ಮಂದಿಗೆಂದು ಬಂದ ಪರಿಹಾರದ ಹಿಟ್ಟು ಗಂಟುಗಟ್ಟಿ ಹಸಿರಾಗಿತ್ತು. ಅದರೊಳಗಿನ ಬಿಳಿ ಹುಳುಗಳು ಗೋಡೆಯ ಚಿತ್ರಗಳ ಮೇಲೂ ಹರಿದಾಡುತ್ತಿದ್ದವು.

ನಡುವೆ ಒಬ್ಬ ಗಂಡಸು. ಹರಕು ಅಂಗಿ, ಬೆನ್ನ ಮೇಲೆ ಚೀಲ. ಅದನ್ನಿಳಿಸಿ ಒಂದು ಚಿತ್ರದತ್ತ ಕೈ ಚಾಚಿದ.

"ಮುಟ್ಟಬ್ಯಾಡ್ರಿ!" ಮಾರ್ಗರೆಟ ಕೂಗಿದಳು.

ಅವನ ಕೈ ಅಲ್ಲೇ ನಿಂತಿತು.

ಊರು ಹಸಿದಾಗ ಹಿಟ್ಟು ಬಚ್ಚಿಟ್ಟ ಕೈ... ಥೂ! ಅವಳ ಮುಖದ ಮೇಲಿನ ಅಸಹ್ಯವನ್ನು ಅವನು ನೋಡಿದ. ಚೀಲ ಅಲ್ಲೇ ಬಿಟ್ಟು ಹೊರಗೆ ನಡೆದುಬಿಟ್ಟ.

ಅದು ೧೯೭೩ರ ಬೇಸಿಗೆ. ಬೀದರಿನ ಚಿದ್ರಿಯಲ್ಲಿ ಈ ಎರಡು ಕೋಣೆಯ ಕಲಾಕೇಂದ್ರವನ್ನು ಹನ್ನೆರಡು ವರ್ಷದ ಹಿಂದೆ ಕಟ್ಟಿದವರು ಎಡಿತಮ್ಮ, ನಿವೃತ್ತ ನರ್ಸ್. ಭಾನುವಾರ ಚರ್ಚಿನಿಂದ ಬಂದವರೇ ಕೆಮ್ಮಣ್ಣು, ಇದ್ದಿಲು ಹಂಚಿ ಚಿತ್ರ ಕಲಿಸುತ್ತಿದ್ದರು. ಹೆಂಗಸರು ಒಂದು ಕಡೆ ಕೌದಿ ಹೊಲಿಯುತ್ತಿದ್ದರು. ಯಾರು, ಯಾವ ಓಣಿಯವರು ಎಂದು ಯಾರನ್ನೂ ಕೇಳುತ್ತಿರಲಿಲ್ಲ.

ಮಳೆ ಕೈಕೊಟ್ಟಿತು. ಮಂದಿ ಹೈದರಾಬಾದು, ಸೊಲ್ಲಾಪುರ ಎಂದು ಗುಳೆ ಹೋದರು. ಎಡಿತಮ್ಮನೂ ತೀರಿಕೊಂಡರು, ಬೀಗ ಬಿತ್ತು. ಅವರ ತಂಗಿಯ ಮಗಳು ಮಾರ್ಗರೆಟ ಭಾಲ್ಕಿಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಕೇಂದ್ರವನ್ನು ಮತ್ತೆ ತೆರೆಯಲೆಂದು ರಜೆಯಲ್ಲಿ ಬಂದಿದ್ದಳು.

ಪಕ್ಕದ ಮನೆಯ ಹಮೀದುನ್ನಿಸಾ ಎಲ್ಲ ಬಿಡಿಸಿ ಹೇಳಿದಳು. ಕೇಂದ್ರದ ಕಾರ್ಯದರ್ಶಿಯೇ ಗಂಜ್ ಮಾರುಕಟ್ಟೆಯ ಒಬ್ಬ ದಲಾಲನಿಗೆ ಬೀಗದಕೈ ಕೊಟ್ಟು ಹಿಟ್ಟು ಬಚ್ಚಿಡಿಸಿದ್ದ. ಹಿಟ್ಟು ಕೊಳೆತ ಮೇಲೆ ದಲಾಲ ಬೀಗ ಹಾಕುವುದನ್ನೂ ಬಿಟ್ಟಿದ್ದ. ಆ ಗಂಡಸು ಮಾಣಿಕ, ಗಾಂಧಿ ಗಂಜಿನ ಹಮಾಲ. ತಹಸೀಲದಾರರಿಗೆ ದೂರು ಕೊಟ್ಟು ಕೆಲಸ ಕಳೆದುಕೊಂಡಿದ್ದ. ಎಡಿತಮ್ಮನ ಮೊದಲ ಶಿಷ್ಯ ಅವನೇ. ಚಿತ್ರಗಳಾದರೂ ಉಳಿಯಲಿ ಎಂದು ಕೊಳೆತ ಚೀಲ ಹೊರಹಾಕಲು ಬಂದಿದ್ದ.

"ಬೇಟಿ, ಅವ ಔರಾದದ ಬೌದ್ಧರ ಮನಿಯವ, ಊರವರು ಮುಟ್ಟಿಸಿಕೊಳ್ಳದ ಮಂದಿ. ಮುಟ್ಟಬ್ಯಾಡ ಅಂದದ್ದು ಅವಗ ಹ್ಯಾಂಗ ಕೇಳಿಸಿರಬೇಕು?"

ಮಾರ್ಗರೆಟಳಿಗೆ ಈಗ ತನ್ನ ಮೇಲೆಯೇ ಹೇಸಿಗೆ. ಆ ನಾತ ತನ್ನ ಬಾಯಿಂದಲೇ ಬಂದಂತೆ ಅನಿಸಿತು.

ಮರುದಿನ ಬೆಳಿಗ್ಗೆ ಔರಾದದ ಬಸ್ಸು ಹತ್ತಿದಳು. ಮಾಣಿಕ ಪರಿಹಾರದ ಕೆಲಸದಲ್ಲಿ ಕೆರೆ ಅಗೆಯುತ್ತಿದ್ದ.

"ನಿಮ್ಮನ್ನ ಕಳ್ಳ ಅಂತ ತಿಳ್ಕೊಂಡಿದ್ದೆ. ಜಾತಿ ನನ್ನ ಮನಸಿನ್ಯಾಗ ಇರಲಿಲ್ಲರಿ."

ಅವನು ಗುದ್ದಲಿ ಕೆಳಗಿಡಲಿಲ್ಲ. "ಹರಕ ಅಂಗಿ ನೋಡಿ ಕಳ್ಳ ಅಂದ್ರಿ. ಅದು ಬ್ಯಾರೆ ಏನ್ರಿ?"

ಅವಳು ಕೆರೆಯ ದಂಡೆ ಇಳಿದು ಅವನ ಎದುರಿಗೆ ಬಂದು ನಿಂತಳು.

"ಬ್ಯಾರೆ ಅಲ್ಲರಿ. ತಪ್ಪು ನಂದು."

ಮೂರನೆಯ ದಿನ ಅವನೇ ಚಿದ್ರಿಗೆ ಬಂದ.

ಹನ್ನೊಂದು ದಿನ ಇಬ್ಬರೂ ಆ ಹೊಲಸು ತೆಗೆದರು. ಸತ್ತ ಇಲಿಗಳು, ಕಾಲಿಗೆ ಅಂಟುವ ಲೋಳೆ. ಮಾರ್ಗರೆಟ ಎರಡು ಸಲ ವಾಂತಿ ಮಾಡಿಕೊಂಡಳು. ಅವನು ನೀರಿನ ತಂಬಿಗೆ ಹಿಡಿದು ನಿಂತ. ಹುಳುಗಳನ್ನು ಕೋಳಿಪುಕ್ಕದಿಂದ ಒಂದೊಂದಾಗಿ ಸರಿಸುತ್ತ, ಹಿಂದೆ ತಾನು ಬರೆದಿದ್ದ ತಾಯಿ ಶಾಲುಬಾಯಿಯ ಚಿತ್ರವನ್ನು ಅವನು ಶುಚಿಮಾಡುತ್ತಿದ್ದಾಗ ಅವಳು ನೋಡುತ್ತ ಕುಳಿತಳು... ಇಷ್ಟು ಮೆದು ಕೈಯೇ!

ಒಂದು ದಿನ ಕಾರ್ಯದರ್ಶಿ ಬಂದ. ಅತ್ತರಿನ ಕರವಸ್ತ್ರ ಮೂಗಿಗೆ ಹಿಡಿದು, ಕೇಂದ್ರದ ಮರ್ಯಾದೆ ಹೋದೀತು, ವಿಷಯ ಇಲ್ಲಿಗೇ ಬಿಡಿ ಎಂದ. ಮಾರ್ಗರೆಟ ಒಂದು ಚೀಲವನ್ನು ಅವನ ಮಿರಿಮಿರಿ ಬೂಟಿನ ಮುಂದೆಯೇ ಸುರಿದಳು. ಅವನು ಓಡಿದ. ಅಂದೇ ಮಾರ್ಗರೆಟ, ಮಾಣಿಕ ಇಬ್ಬರೂ ತಹಸೀಲದಾರರ ಕಚೇರಿಗೆ ಹೋಗಿ ಹೇಳಿಕೆ ಬರೆಸಿದರು. ತಿಂಗಳೊಳಗೆ ಕಾರ್ಯದರ್ಶಿಯ ಹುದ್ದೆ ಹೋಯಿತು.

ಜುಲೈನ ಒಂದು ಭಾನುವಾರ ಕೇಂದ್ರ ತೆರೆಯಿತು. ಮಾಣಿಕನಿಂದ ಚಿತ್ರ ಕಲಿಯಲು ಬಂದವರು ನಾಲ್ಕೇ ಮಂದಿ. ಅವರೆಲ್ಲ ಹೋದ ಮೇಲೆ, ಸೊಲ್ಲಾಪುರದ ಗಿರಣಿಗೆ ಹೊರಟಿರುವುದಾಗಿ ಮಾಣಿಕ ಹೇಳಿದ.

ಮಾರ್ಗರೆಟ ಕೈಯಲ್ಲಿನ ಇದ್ದಿಲು ಕೆಳಗಿಟ್ಟಳು. "ಇವರಿಗಿ ಕಲಿಸೋರು ಬೇಕಲ್ರಿ..."

"ಮಾಸ್ತರ ಬೇಕೇನ್ರಿ, ನಾ ಬೇಕೇನ್ರಿ?"

ಅವಳು ತಲೆ ತಗ್ಗಿಸಲಿಲ್ಲ. "ನೀವು ಬೇಕು."

ಅವನ ಕಣ್ಣು ತುಂಬಿತು. "ನನಗೂ ನೀವೇ ಬೇಕ್ರಿ. ಹೇಳೋ ಧೈರ್ಯ ಇಲ್ಲದಕ್ಕೇ ಹೊಂಟಿದ್ದೆ."

"ಈಗ?"

"ಅವ್ವನ ಕರಕೊಂಡು ಭಾಲ್ಕಿಗಿ ಬರ್ತೇನಿ. ನಿಮ್ಮ ಮನಿಗಿ ಯಾವಾಗ ಬರಲಿ?"

"ನಾಳಿಗೇ ಬರ್ರಿ," ಎಂದಳು ಮಾರ್ಗರೆಟ.