ಒಂಬತ್ತನೇ ಪ್ರಶ್ನೆ

ಮಗಳ ಯೂನಿಫಾರಂ ಕಾಲರ್ ಮೇಲೆ ಇಸ್ತ್ರಿ ಇಟ್ಟಿದ್ದೆ. ಫೋನ್ ಬಂತು. ಗೊತ್ತಿಲ್ಲದ ನಂಬರ್.

"ಮೇಡಂ, ನಿನ್ನೆ ಮೆಡಿಕಲ್ ಶಾಪಲ್ಲಿ ಡಾಕ್ಟರ್ ಚೀಟಿ ಬಿಟ್ಟು ಹೋದ್ರಿ."

ಗಂಡಸಿನ ಧ್ವನಿ. ಎಲ್ಲೋ ಕೇಳಿದ್ದು...

"ಯಾರು ನೀವು?"

"ಹೋದ ವರ್ಷ ಕಾರ್ಡ್ ಕೊಟ್ಟಿದ್ರಲ್ಲ. ಏನಾದ್ರೂ ನೆನಪಾದ್ರೆ ಫೋನ್ ಮಾಡಿ ಅಂದಿದ್ರಿ. ನೆನಪಾಯ್ತು."

ಬಡಗಿ.

ಇಸ್ತ್ರಿಯನ್ನು ಕಾಲರ್ ಮೇಲೆಯೇ ಬಿಟ್ಟೆ.

ನನ್ನ ಕೆಲಸ ಏನೆಂದು ನಿಮಗೆ ಹೇಳಬೇಕು. ಪ್ರಯಾಣ ವಿಮೆ ಕಂಪನಿಯಲ್ಲಿ ತನಿಖೆ. ವಿದೇಶದಲ್ಲಿ ಕಾಯಿಲೆ ಬಿದ್ದು ಕ್ಲೇಮ್ ಹಾಕುವವರ ಸುಳ್ಳು ಹಿಡಿಯುವುದು. ಹನ್ನೊಂದು ವರ್ಷದಿಂದ ಅದೇ ಅನ್ನ. ಈ ಬಡಗಿಯ ಹೆಂಡತಿಗೆ ಪರದೇಶದಲ್ಲಿ ಲಕ್ವ ಹೊಡೆಯಿತು. ಅವಳು ಬಿಪಿ ಮಾತ್ರೆ ನುಂಗುತ್ತಿದ್ದುದನ್ನು ಗಂಡ ಹೆಂಡತಿ ಫಾರಂನಲ್ಲಿ ಬರೆದಿರಲಿಲ್ಲ. ಮಾತ್ರೆ ಕೊಟ್ಟ ಅಂಗಡಿಯನ್ನು ನಾನು ಮೂರೇ ದಿನದಲ್ಲಿ ಹುಡುಕಿದೆ. ಕ್ಲೇಮ್ ಹೋಯಿತು. ಅದರ ಹಿಂದೆ, ಆಸ್ಪತ್ರೆಯ ಸಾಲಕ್ಕೆ, ಅವನ ವರ್ಕ್‌ಶಾಪೂ ಹೋಯಿತು.

"ಎಲ್ಲಿದ್ದೀರಿ?"

"ನಿಮ್ಮ ಬಿಲ್ಡಿಂಗ್ ಕೆಳಗೆ. ಚೀಟಿ ಮೇಲೆ ವಿಳಾಸ ಇತ್ತು. ಬ್ರೆಡ್ ಹಿಡ್ಕೊಂಡು ಒಂದು ಹುಡುಗಿ ಬರ್ತಿದಾಳೆ ನೋಡಿ. ಥೇಟ್ ನಿಮ್ಮ ಮೂಗು."

ಫೋನ್ ಕಟ್ಟಾಯಿತು.

ನಾಲ್ಕು ಮಹಡಿ. ಬರಿಗಾಲು. ಎರಡೆರಡು ಮೆಟ್ಟಿಲು ಹಾರಿ ಇಳಿದೆ.

ಕೊನೆಯ ಮೆಟ್ಟಿಲ ಮೇಲೆ ಮಗಳ ಚಪ್ಪಲಿ ಬಿದ್ದಿತ್ತು.

ಒಂದೇ.

ಹದಿನಾಲ್ಕು ತಿಂಗಳ ಹಿಂದೆ ಹೀಗೆಯೇ ಒಂಟಿ ಚಪ್ಪಲಿ ಬಚ್ಚಲ ಬಾಗಿಲಲ್ಲಿ ಬಿದ್ದಿತ್ತು. ಒಳಗೆ ಅವಳು ನೆಲದ ಮೇಲೆ... ಕಣ್ಣು ಮೇಲೆ ಸಿಕ್ಕಿಕೊಂಡು, ಬಾಯಲ್ಲಿ ನೊರೆ. ಫಿಟ್ಸ್. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಕಾಯಿಲೆಗೆ 'ಸುಸ್ತು' ಅನ್ನುತ್ತೇವೆ. ಮಾತ್ರೆಗೆ 'ವಿಟಮಿನ್'. ಅವಳಿಗೆ ಹತ್ತು ವರ್ಷ. ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದು ನಾನೂ ನಮ್ಮವರೂ ತೀರ್ಮಾನಿಸಿದ್ದೆವು.

ಗೇಟು ತೆರೆದಿತ್ತು. ರಸ್ತೆಯಲ್ಲಿ ಒಂದು ವ್ಯಾನ್ ಹೊರಟಿತ್ತು. ಓಡಿದೆ. ಹಿಂಬಾಗಿಲಿಗೆ ಗುದ್ದಿದೆ. ವ್ಯಾನ್ ನಿಂತಿತು. ಒಳಗೆ ಬಟ್ಟೆ ಗಂಟುಗಳು. ಡ್ರೈವರ್ ತಲೆ ಹೊರಹಾಕಿ, "ಏನಮ್ಮಾ, ತಲೆ ಸರಿ ಇದೆಯಾ?" ಎಂದ.

ಇರಲಿಲ್ಲ.

ಆಗ ಹಿಂದೆ ನಗು ಕೇಳಿತು. ಮಗಳ ನಗು.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಬರಿಗಾಲು ಆಡಿಸುತ್ತಾ ಕೂತಿದ್ದಳು. ಎದುರಿಗೆ ಬಡಗಿ ಕುಕ್ಕರಗಾಲಲ್ಲಿ ಕೂತು ಅವಳ ಇನ್ನೊಂದು ಚಪ್ಪಲಿಯ ಕಿತ್ತ ಬಾರಿಗೆ ತಂತಿ ಸುತ್ತುತ್ತಿದ್ದ.

"ಅಮ್ಮಾ, ಮೆಟ್ಟಿಲ ಹತ್ರ ಚಪ್ಪಲಿ ಕಿತ್ತೋಯ್ತು. ಈ ಅಂಕಲ್ ರಿಪೇರಿ ಮಾಡ್ತಿದಾರೆ."

ಅವನ ತೋಳು ಹಿಡಿದು ಆಚೆ ಎಳೆದೆ. "ಎಷ್ಟು ಬೇಕು, ಹೇಳಿ."

ಅವನು ನಕ್ಕ. "ನೀವು ನಮ್ಮನೆಗೆ ಬಂದಾಗ ನಾನೂ ಇದನ್ನೇ ಕೇಳಿದ್ದೆ ಮೇಡಂ. ನೀವು ಮುಖ ತಿರುಗಿಸಿದ್ರಿ." ಚೀಟಿಯನ್ನು ನನ್ನ ಅಂಗೈಯಲ್ಲಿಟ್ಟ. "ನಿನ್ನೆ ಅಂಗಡೀಲಿ ನಿಮ್ಮ ಹಿಂದೇನೇ ನಿಂತಿದ್ದೆ. ಎರಡು ತಿಂಗಳ ಮಾತ್ರೆ ಕೊಡಿ, ಫಾರಿನ್‌ಗೆ ಹೋಗ್ತಿದೀವಿ ಅಂದ್ರಿ. ಅಲ್ಲೇ ನಿಂತು ಎಲ್ಲಾ ಬಿಡಿಸಿ ವಿಟಮಿನ್ ಬಾಟ್ಲಿಗೆ ತುಂಬಿದ್ರಿ. ವಿಮೆ ಫಾರಂನಲ್ಲಿ ಒಂಬತ್ತನೇ ಪ್ರಶ್ನೆಗೆ ಏನು ಬರೆದ್ರಿ?"

ಚೀಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡೆ.

"ಅಲ್ಲಿ ನನ್ನ ಹೆಂಡ್ತಿ ಬಿದ್ದಾಗ ಡಾಕ್ಟ್ರು ಕೇಳಿದ್ರು, ಏನು ಮಾತ್ರೆ ತಗೋತಾಳೆ ಅಂತ. ಪಾಲಿಸಿ ಕೈಬಿಟ್ಟೀತು ಅಂತ ಹೆದರಿ, ಏನೂ ಇಲ್ಲ ಅಂದೆ. ಅವರು ಕಾರಣ ಹುಡುಕೋದ್ರಲ್ಲೇ ಎರಡು ಗಂಟೆ ಹೋಯ್ತು. ಎರಡು ಗಂಟೆಗೆ ಒಂದು ಕೈ ಹೋಯ್ತು ಮೇಡಂ. ನೀವು ನಿಮ್ಮ ರಿಪೋರ್ಟಲ್ಲಿ ಅದನ್ನ ಬರೀಲಿಲ್ಲ."

ಚಪ್ಪಲಿಯನ್ನು ಮಗಳ ಕಾಲಿಗೆ ತೊಡಿಸಿ ಹೊರಟುಹೋದ.

ಬೆದರಿಸಿದ್ದರೆ ಚೆನ್ನಾಗಿತ್ತು. ಬೆದರಿಕೆ ನನಗೆ ಅಭ್ಯಾಸ.

ಮನೆಯಲ್ಲಿ ಸುಟ್ಟ ವಾಸನೆ. ಕಾಲರ್ ಮೇಲೆ ಇಸ್ತ್ರಿಯ ಆಕಾರದ ಕಂದು ಕಲೆ. ನಮ್ಮವರು ಇಸ್ತ್ರಿಯನ್ನು ಎತ್ತಿ ಹಿಡಿದು ಪೆಚ್ಚಾಗಿ ನಿಂತಿದ್ದರು. ಮೇಜಿನ ಮೇಲೆ, ಹೋಲಿಸಿ ಒಂದನ್ನು ಆರಿಸಲು ತಂದ ಮೂರು ಪಾಲಿಸಿಗಳ ಫಾರಂ. ವಿಮಾನಕ್ಕೆ ಇನ್ನು ಹನ್ನೆರಡು ದಿನ. ರೈಲು, ರೂಮು ಎಲ್ಲವನ್ನೂ ಇವರೇ ಕೂತು ಬುಕ್ ಮಾಡಿದ್ದರು. ಜೊತೆಗೆ ಟೂರ್ ಕಂಪನಿಯವರಿಲ್ಲ. ಅಲ್ಲಿ ಏನಾದರೂ ಆದರೆ ನಮಗಿರುವುದು ಒಂದು ಕಾಗದ, ಅದರ ಮೇಲೆ ಒಂದು ಫೋನ್ ನಂಬರ್. ದುಬಾರಿ ಪಾಲಿಸಿ ಹಳೆಯ ಕಾಯಿಲೆಗೂ ಆಸ್ಪತ್ರೆ ಖರ್ಚು ಕೊಡುತ್ತದೆ, ಕಾಯಿಲೆಯ ಹೆಸರು ಬರೆದರೆ ಮಾತ್ರ. ಆ ಒಂದು ಪದ ಬರೆಯಲಾರದೆ ನಾವು ಅಗ್ಗದ್ದನ್ನು ಆರಿಸಿದ್ದೆವು. ಅದರಲ್ಲಿ ಒಂಬತ್ತರ ಮುಂದೆ 'ಇಲ್ಲ' ಎಂದಿತ್ತು. ನನ್ನದೇ ಅಕ್ಷರ.

ದುಬಾರಿಯದನ್ನು ಎಳೆದುಕೊಂಡೆ. ಪೆನ್ ಹಿಡಿದೆ.

"ಏನು ಮಾಡ್ತಿದ್ದೀಯ?" ಇವರು ಪಿಸುಗುಟ್ಟಿದರು. "ಮಗು ಇದೆ."

ಮಗು ಆಗಲೇ ನನ್ನ ಭುಜಕ್ಕೆ ಗಲ್ಲ ಊರಿತ್ತು. ಕಾಗದದ ಮೇಲೆ ಬೆರಳಿಟ್ಟು, ಶಾಲೆಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿತು. "ಒಂಬತ್ತು. ಪ್ರಯಾಣಿಕರಿಗೆ ಈ ಮೊದಲೇ ಯಾವುದಾದರೂ ಕಾಯಿಲೆ ಇದೆಯೇ?"

ಬೆರಳು ತೆಗೆದು ನನ್ನ ಮುಖ ನೋಡಿದಳು.

"ನನಗೆ ಇದೆಯಾ ಅಮ್ಮಾ? ಸುಳ್ಳು ಹೇಳಿದೋರನ್ನ ಹಿಡಿಯೋದೇ ನಿನ್ನ ಕೆಲಸ ಅಲ್ವಾ?"