ಸ್ಪಾನ್ಸರನ ಮೊದಲ ಲೋಟ

ಗ್ವೋಜ್ದೆನ್ ನನ್ನ ಕತ್ತನ್ನು ಪೀಪಾಯಿಗೆ ಒತ್ತಿ ಹಿಡಿದಿದ್ದ.

ಒಳಗಿದ್ದದ್ದು ರಾಕಿಯಾ, ಪ್ಲಮ್ ಹಣ್ಣಿನ ಸಾರಾಯಿ. ಹಾಗೆಂದು ಪೀಪಾಯಿಯ ಮೇಲೆ ಬರೆದಿತ್ತು, ಅಷ್ಟೆ.

"ಅಕ್ಕಾ, ನಿನ್ ಕೈ ಮುರಿಯೋಕೆ ನಂಗೂ ಇಷ್ಟ ಇಲ್ಲ. ಸುತ್ತಿಗೆ ಕೆಳಗೆ ಹಾಕು."

ಹಾಕಲಿಲ್ಲ. ಹಿಮ್ಮಡಿಯಿಂದ ಅವನ ಪಾದ ತುಳಿದೆ. ನನ್ನದು ಸಣ್ಣ ಮೈಯಲ್ಲ... ಅವನು ಕುಂಟುತ್ತ ಹಿಂದೆ ಸರಿದ. ಸುತ್ತಿಗೆ ಎತ್ತಿದೆ. ಅಷ್ಟರಲ್ಲಿ ಇನ್ನಿಬ್ಬರು ಕಾವಲಿನವರು ಬಂದರು. ಸುತ್ತಿಗೆ ಹೋಯಿತು. ಒಂದು ಹಲ್ಲು ಅಲುಗಾಡಿತು. ನೆಲಮಾಳಿಗೆಯಿಂದ ಎಳೆದು ತಂದು ಕಾಲೇಜು ಮೆಸ್ಸಿನ ಅಂಗಳಕ್ಕೆ ಎಸೆದರು.

ಸಂಜೆಯಾಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆರುನೂರು ಮಕ್ಕಳು ಅದನ್ನು ಕುಡಿಯುವವರಿದ್ದರು!

ನಾನು ದೆಸಾಂಕಾ. ನಿಶ್ ಊರಿನಲ್ಲಿ ಕಾಲೇಜು ಮಕ್ಕಳು ಏನು ಕಾರ್ಯಕ್ರಮ ಮಾಡಿದರೂ ಹಾಲ್, ಪರ್ಮಿಷನ್, ಮೈಕ್, ಬಾಗಿಲಿಗೆ ಆಳು, ಎಲ್ಲ ನನ್ನ ತಲೆಯ ಮೇಲೆ. ಬಾಗಿಲಿನ ಆಳು ಎಂದರೆ ಝಿವ್ಕೊ. ನನ್ನ ಕೂದಲು ಕಪ್ಪಗಿದ್ದಾಗಿನಿಂದ ನನ್ನ ಜೊತೆ ಇದ್ದವನು.

ಈ ಸಲ ಕೃಷಿ ಕಾಲೇಜಿನ ವಿದ್ಯಾರ್ಥಿ ಸಂಘಕ್ಕೆ ಗ್ರಹಚಾರ ಕೆಟ್ಟಿತ್ತು. ನಗರಸಭೆ ಅನುದಾನ ನಿಲ್ಲಿಸಿತು. ಬಿಯರ್ ಕಂಪನಿ ಕೈ ಎತ್ತಿತು. ಆಗ ಬಂದವನು ಮಿಲೊಯೆ. ಸಾರಾಯಿ ವ್ಯಾಪಾರಿ, ಚುನಾವಣೆಗೆ ನಿಲ್ಲಲು ಹೊರಟಿದ್ದವನು. ಫ್ರೆಶರ್ಸ್ ಪಾರ್ಟಿಗೆ ನಾಲ್ಕು ಪೀಪಾಯಿ ರಾಕಿಯಾ ಪುಕ್ಕಟೆ, ಮಾರಿ ಬಂದದ್ದೆಲ್ಲ ಸಂಘಕ್ಕೆ, ವೇದಿಕೆಯ ಮೇಲೆ ತನ್ನ ಹೆಸರಿನ ಬ್ಯಾನರ್ ಇದ್ದರೆ ಸಾಕು ಎಂದ. ಸಂಘದ ಅಧ್ಯಕ್ಷ ವುಕಾಶಿನ್ ಅವನ ಕೈ ಹಿಡಿದು ಕುಲುಕಿದ. ನಾಟಕ, ಕ್ರೀಡಾಕೂಟ, ಪ್ರವಾಸ... ಅವರ ಇಡೀ ವರ್ಷ ಆ ಪೀಪಾಯಿಗಳಲ್ಲೇ ತೇಲುತ್ತಿತ್ತು.

ನಾನೂ ತಲೆಯಾಡಿಸಿದೆ. ಮನೆಬಟ್ಟಿಯ ರಾಕಿಯಾ ಎಂದರೆ ನಮ್ಮ ಜನಕ್ಕೆ ತಾಯಿಯ ಹಾಲು. ಸೀಸೆಗೆ ಕಂಪನಿಯ ಚೀಟಿ ಅಂಟಿಸಿದ್ದರೆ ಮೂಸಿ ನೋಡುತ್ತಾರೆ. ಚೀಟಿ ಇಲ್ಲದಿದ್ದರೆ ಕಣ್ಣು ಮುಚ್ಚಿ ಕುಡಿಯುತ್ತಾರೆ.

ಹಿಂದಿನ ದಿನ ಪೀಪಾಯಿ ಇಳಿಸುವಾಗ ಝಿವ್ಕೊ ಎರಡು ಮೂರು ಲೋಟ ಏರಿಸಿದ್ದ. ಈ ಮಧ್ಯಾಹ್ನ ಅವನ ಹೆಂಡತಿ ಫೋನು ಮಾಡಿದಳು. ಕೋಣೆಯೊಳಗೆ ಹಿಮ ಬೀಳುತ್ತಿದೆ, ಕಿಟಕಿ ಮುಚ್ಚು ಅಂತ ಗಂಡ ಕೂಗುತ್ತಿದ್ದಾನಂತೆ.

ಹೊರಗೆ ಅಕ್ಟೋಬರಿನ ಬಿಸಿಲು ಸುಡುತ್ತಿತ್ತು.

ಆಸ್ಪತ್ರೆಗೆ ಓಡಿದೆ. ಝಿವ್ಕೊ ನನ್ನ ದನಿ ಕೇಳಿ ನಕ್ಕ. ನಕ್ಕದ್ದು ಗೋಡೆಯ ಕಡೆಗೆ. ಅಗ್ಗಕ್ಕೆಂದು ವಿಷದ ಸ್ಪಿರಿಟ್ ಬೆರೆಸಿದ ಕಳ್ಳಬಟ್ಟಿ ಕಣ್ಣಿಗೆ ಹತ್ತಿದ ಹಾಗೆ ಕಾಣುತ್ತದೆ, ರಕ್ತಪರೀಕ್ಷೆ ನಾಳೆ ಬರುತ್ತದೆ ಎಂದರು ಡಾಕ್ಟರು. ಪೊಲೀಸ್ ಸ್ಟೇಷನ್ನಿಗೆ ಹೋದೆ. ರಿಪೋರ್ಟ್ ತಂದ ಮೇಲೆ ನೋಡೋಣ ಎಂದ ಇನ್ಸ್‌ಪೆಕ್ಟರ್. ಮಿಲೊಯೆಯ ಮದುವೆಯಲ್ಲಿ ಸಾಕ್ಷಿ ನಿಂತವನು ಅವನೇ. ನಮ್ಮಲ್ಲಿ ಆ ಸಂಬಂಧ ರಕ್ತಕ್ಕಿಂತ ಗಟ್ಟಿ.

ನಾಳೆಯವರೆಗೆ ಕಾಯಲು ನನ್ನ ಕೈಲಾಗಲಿಲ್ಲ. ಸುತ್ತಿಗೆ ಹಿಡಿದು ನೆಲಮಾಳಿಗೆಗೆ ಇಳಿದದ್ದು ಅದಕ್ಕೇ.

ಅಂಗಳದಿಂದ ಎದ್ದೆ. ಬಾಯಿಯ ರಕ್ತ ಉಗಿದೆ. ಅಡುಗೆಮನೆಯ ಬಾಗಿಲಿನಿಂದ ಒಳಗೆ ನುಗ್ಗಿದೆ. ಗ್ವೋಜ್ದೆನ್ ನೋಡಿಬಿಟ್ಟ. ಮೂವರೂ ಬೆನ್ನಿಗೆ ಬಿದ್ದರು. ಬೀನ್ಸ್ ಸಾರಿನ ಹಂಡೆಯನ್ನು ಅವರ ಕಾಲಿಗೆ ಉರುಳಿಸಿದೆ. ತಣ್ಣಗಾಗಿತ್ತು, ಅವರ ಪುಣ್ಯ. ಧಡಾರನೆ ಬಿದ್ದರು!

ಹಾಲ್‌ನಲ್ಲಿ ಸಂಘದ ಹುಡುಗರು ಕುರ್ಚಿ ಜೋಡಿಸುತ್ತಿದ್ದರು. ವುಕಾಶಿನ್ ಏಣಿಯ ಮೇಲೆ ನಿಂತು ಬ್ಯಾನರ್ ಕಟ್ಟುತ್ತಿದ್ದ. ಕೆಳಗೆ ಮಿಲೊಯೆ ಲೋಕಲ್ ಟಿವಿಯ ಕ್ಯಾಮೆರಾಕ್ಕೆ ಮುಖ ಕೊಟ್ಟು ನಿಂತಿದ್ದ. ನಾನು ಏಣಿ ಅಲ್ಲಾಡಿಸಿ ಹುಡುಗನನ್ನು ಇಳಿಸಿದೆ. ಝಿವ್ಕೊನ ಕತೆ ಹೇಳಿದೆ. ಅವನ ಮುಖ ಬಿಳಿಚಿತು. ಆದರೂ ಮೊಂಡು ಹಿಡಿದ.

"ಪ್ರೂಫ್ ಎಲ್ಲಿದೆ ಅಕ್ಕ? ಅವ್ರು ಬೇರೆ ಕಡೆ ಏನಾದ್ರೂ ಕುಡಿದಿರ್ಬಹುದು. ಈಗ ನಿಲ್ಸಿದ್ರೆ ಸಂಘಾನೇ ಮುಚ್ಚಬೇಕು."

ಮಿಲೊಯೆ ನನ್ನ ಕಿವಿಯ ಹತ್ತಿರ ಬಂದ. ದನಿ ಬೆಣ್ಣೆಯ ಹಾಗಿತ್ತು.

"ಝಿವ್ಕೊಗೆ ಆಸ್ಪತ್ರೆಲಿ ಬೇಜಾರಂತೆ ಕಣಮ್ಮ. ಪಕ್ಕದ ಮಂಚ ಖಾಲಿ ಇದೆ."

ನನ್ನ ಪಿತ್ತ ನೆತ್ತಿಗೇರಿತು. ಮೈಕ್ ಕಿತ್ತುಕೊಂಡೆ. ಕೌಂಟರಿನ ಮೇಲೆ ಅದೇ ರಾಕಿಯಾ ತುಂಬಿಟ್ಟಿದ್ದ ಜಗ್ಗಿನಿಂದ ಒಂದು ಲೋಟ ಸುರಿದೆ.

ತಂದವನು ಮೊದಲು ಕುಡಿಯಬೇಕು, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಕುಡಿಯಬೇಕು. ನನ್ನ ಹಳ್ಳಿಯಲ್ಲಿ ಈ ನೇಮ ಮುರಿದವನ ಅಂಗಳಕ್ಕೆ ಯಾರೂ ಕಾಲಿಡುತ್ತಿರಲಿಲ್ಲ.

"ಧಣಿ, ಮೊದಲ ಲೋಟ ತಮ್ಮದು. ಕ್ಯಾಮೆರಾನೂ ಓಡ್ತಾ ಇದೆ."

ಹುಡುಗರು ಚಪ್ಪಾಳೆ ತಟ್ಟತೊಡಗಿದರು. ಮಿಲೊಯೆಯ ನಗು ಅರ್ಧಕ್ಕೆ ನಿಂತಿತು. ಕೈ ಮೆಲ್ಲಗೆ ಕೆನ್ನೆಗೆ ಹೋಯಿತು.

"ಕುಡೀತಿದ್ದೆ... ಹಲ್ಲುನೋವಿಗೆ ಆಂಟಿಬಯೋಟಿಕ್ ತಗೋತಿದೀನಿ."

ಛೆ! ನಮ್ಮೂರಲ್ಲಿ ಕುಡಿಯದಿರಲು ಒಪ್ಪುವ ನೆಪ ಇದೊಂದೇ. ಇದನ್ನು ಹೇಳಿದರೆ ಬಿಷಪ್ಪನ ಕೈಯ ಲೋಟವನ್ನೂ ಬೇಡವೆನ್ನಬಹುದು. ಹಾಲ್ ಪೂರ್ತಿ ಅಯ್ಯೋ ಪಾಪ ಎಂದಿತು. ಲೋಟ ಹಿಡಿದ ನಾನು ಹುಚ್ಚಿಯ ಹಾಗೆ ನಿಂತಿದ್ದೆ.

ಅಷ್ಟರಲ್ಲಿ ಗ್ವೋಜ್ದೆನ್ ಬಂದ. ಪ್ಯಾಂಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಅವನು ಮಿಲೊಯೆಯ ಅಕ್ಕನ ಮಗ. ಮಾವನ ಮರ್ಯಾದೆ ಎಂದರೆ ಅವನಿಗೆ ಪ್ರಾಣ.

"ನಮ್ಮನೆ ಲೋಟ ಹಾಗೇ ಉಳೀಬಾರ್ದು ಮಾವ. ನಿಮ್ಮ ಬದಲು ನಾನು ಕುಡೀತೀನಿ."

ನನ್ನ ಕೈಯಿಂದ ಲೋಟ ತೆಗೆದುಕೊಂಡ.

ಇವನಿಗೆ ಏನೂ ಗೊತ್ತಿಲ್ಲ... ನನಗೆ ಆಗಲೇ ಹೊಳೆಯಿತು. ತಡೆಯಬೇಕಿತ್ತು. ತಡೆಯಲಿಲ್ಲ. ನಾನು ನೋಡುತ್ತಿದ್ದದ್ದು ಮಿಲೊಯೆಯನ್ನು.

ಲೋಟ ತುಟಿ ಮುಟ್ಟಿತು.

ಮಿಲೊಯೆ ಹಾರಿ ಹೊಡೆದ! ಲೋಟ ಗೋಡೆಗೆ ಬಡಿದು ಚೂರಾಯಿತು.

"ಬೇಡ ಕಣೋ."

ಅಷ್ಟೇ ಹೇಳಿದ್ದು. ಮೈಕ್ ಆನ್ ಆಗಿತ್ತು. ಚಪ್ಪಾಳೆ ನಿಂತುಹೋಗಿತ್ತು.

ಗ್ವೋಜ್ದೆನ್ ಮಾವನನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ನಿನ್ನೆ ಅಮ್ಮಂಗೂ ಒಂದು ಸೀಸೆ ತಗೊಂಡು ಹೋಗಿ ಕೊಟ್ಟೆ, ಮಾವ."

ಮಿಲೊಯೆ ಕೂರಲು ತಡಕಾಡಿದ. ಕುರ್ಚಿ ಸಿಗದೆ ನೆಲಕ್ಕೆ ಕುಕ್ಕರಿಸಿದ. ಗ್ವೋಜ್ದೆನ್ ತಾಯಿಗೆ ಫೋನು ಒತ್ತಿದ. ಗಂಟೆ ಹೊಡೆಯಿತು... ಹೊಡೆಯುತ್ತಲೇ ಇತ್ತು... ಕೊನೆಗೆ ಮುದುಕಿ ಎತ್ತಿದಳು. ಮನೆದೇವರ ಹಬ್ಬಕ್ಕೆಂದು ಸೀಸೆ ತೆರೆಯದೆ ಇಟ್ಟಿದ್ದಳು.

ಅವನು ಫೋನು ಜೇಬಿಗಿಟ್ಟ. ಅಡುಗೆಮನೆಯ ಕೊಡಲಿ ತೆಗೆದುಕೊಂಡು ನೆಲಮಾಳಿಗೆಗೆ ಇಳಿದ. ಒಂದು ಪೀಪಾಯಿ ಸಾಕ್ಷಿಗೆ ಬಿಡು ಎಂದು ನಾನು ಹಿಂದಿನಿಂದ ಕೂಗಿದೆ. ವುಕಾಶಿನ್ ತಾನೇ ಏಣಿ ಹತ್ತಿ ಬ್ಯಾನರ್ ಹರಿದ. ಟಿವಿಯಲ್ಲಿ ಬಂದ ಮೇಲೆ ಇನ್ಸ್‌ಪೆಕ್ಟರಿಗೂ ದಾರಿ ಸಿಕ್ಕಿತು. ತನ್ನ ಗೆಳೆಯನಿಗೆ ತಾನೇ ಕೋಳ ತೊಡಿಸಿದ, ಅದೂ ಕ್ಯಾಮೆರಾದ ಮುಂದೆ.

ಝಿವ್ಕೊನ ಒಂದು ಕಣ್ಣಿಗೆ ದೃಷ್ಟಿ ಅರ್ಧ ಮರಳಿತು. ಇನ್ನೊಂದರಲ್ಲಿ ಈಗಲೂ ಹಿಮ ಬೀಳುತ್ತದೆ.

ಆ ರಾತ್ರಿ ಪಾರ್ಟಿ ಮಾತ್ರ ನಿಲ್ಲಲಿಲ್ಲ. ಎಲ್ಲರಿಗೂ ಸೇಬಿನ ಜ್ಯೂಸ್ ಹಂಚಿದೆ. ಕತ್ತೆ, ಕಂಜೂಸಿ, ಪಾದ್ರಿಯ ಅತ್ತೆ ಎಂದೆಲ್ಲ ಬೈದರು. ಪಾರ್ಟಿಯ ಮಂದ ಬೆಳಕಿನಲ್ಲೂ ಆರುನೂರು ಜನ ನನ್ನ ಮುಖ ಗುರುತು ಹಿಡಿದೇ ಬೈದರು.